ಮೆದುಳಿನ ಚಿತ್ರಗಳಿಗೆ ಗಣಿತದ ಚೌಕಟ್ಟು

ತಲೆಬುರುಡೆಯನ್ನು ತೆರೆಯದೆ, ರಕ್ತನಾಳಕ್ಕೆ ವಿಕಿರಣಶೀಲ ದ್ರವ್ಯವನ್ನು ಸೇರಿಸದೆ, ಎಚ್ಚೆತ್ತಿರುವ ಮನುಷ್ಯನೊಬ್ಬನು ಮಾತನ್ನು ಆಲಿಸುವಾಗ ಅವನ ಮೆದುಳಿನ ಯಾವ ಭಾಗದಲ್ಲಿ ವ್ಯಾಪಾರವು ಹೆಚ್ಚುತ್ತದೆಂಬುದನ್ನು ಅರಿಯುವ ಉಪಾಯವು ವಿಜ್ಞಾನಿಗಳ ಕೈಗೆ ಬಂದು ಮೂರು ದಶಕಗಳು ಸಂದಿವೆ. ಎಫ್‌ಎಂಆರ್‌ಐ ಎಂದು ಹೆಸರಾದ ಈ ವಿಧಾನದ ಫಲಿತಾಂಶಗಳು ಬೂದುಬಣ್ಣದ ಮೆದುಳಿನ ಮೇಲೆ ಕೆಂಪು ಹಳದಿ ಮಚ್ಚೆಗಳಾಗಿ ಅಚ್ಚಾಗುವುದರಿಂದ, ಯಂತ್ರವೇ ಆ ಮಚ್ಚೆಗಳನ್ನು ಕಂಡು ಚಿತ್ರ ತೆಗೆದುಕೊಟ್ಟಿತೆಂದು ಓದುಗರು ಭಾವಿಸುವುದು ಸಹಜವೇ ಸರಿ. ಆದರೆ ಯಂತ್ರವು ಕೊಡುವುದು ಸಂಖ್ಯೆಗಳ ರಾಶಿಯನ್ನು ಮಾತ್ರ. ಮಚ್ಚೆಗಳೆಲ್ಲವೂ ಆ ರಾಶಿಯ ಮೇಲೆ ಸಂಶೋಧಕನು ಹೂಡಿದ ಸಾಂಖ್ಯಿಕ ಮಾದರಿಯಿಂದ ಹುಟ್ಟಿದವು. ಆ ಮಾದರಿಯನ್ನು ಕಟ್ಟುವ ಬಗೆಯನ್ನೂ, ಕಟ್ಟುವಾಗ ಎಡವುವ ಸ್ಥಳಗಳನ್ನೂ ಖಂಡವಿನ್ಯಾಸದ ಪ್ರಯೋಗಗಳ ಮಟ್ಟಿಗೆ ಇಲ್ಲಿ ಪರಾಮರ್ಶಿಸಬೇಕೆಂದಿದೆ. ಕೆಲವು ಸೆಕೆಂಡುಗಳ ಕಾಲ ಒಂದೇ ಬಗೆಯ ಕಾರ್ಯವನ್ನು ಸತತವಾಗಿ ಮಾಡಿಸಿ, ಬಳಿಕ ಅಷ್ಟೇ ಕಾಲ ವಿರಾಮವನ್ನೋ ಬೇರೊಂದು ಕಾರ್ಯವನ್ನೋ ಇರಿಸಿ, ಈ ಸರದಿಯನ್ನು ಹಲವು ಬಾರಿ ಆವರ್ತಿಸುವುದೇ ಖಂಡವಿನ್ಯಾಸ. ಈ ವಿಷಯದ ಗ್ರಂಥಗಳು ಬಹುಮಟ್ಟಿಗೆ ಕಾರ್ಯದ ಖಂಡವನ್ನು ಕುರಿತೇ ವಿಸ್ತರಿಸುತ್ತವೆ. ಮಾದರಿಯ ಹಣೆಬರಹವು ನಿರ್ಣಯವಾಗುವುದು ವಿರಾಮದ ಖಂಡದಲ್ಲಿ ಎಂಬುದು ನನ್ನ ಅಭಿಪ್ರಾಯ.

ಮೊದಲು ಭೌತಿಕ ತಳಹದಿಯನ್ನು ನೋಡಬೇಕು. ಆಮ್ಲಜನಕವನ್ನು ಕಳೆದುಕೊಂಡ ಹಿಮೋಗ್ಲೋಬಿನ್ನಿಗೆ ಕಾಂತಕ್ಷೇತ್ರವನ್ನು ತುಸು ಕದಡುವ ಗುಣವಿದೆಯೆಂದೂ, ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ನಿಗೆ ಅದಿಲ್ಲವೆಂದೂ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೋರಿಯಲ್ 1936ರಲ್ಲೇ ತೋರಿಸಿದ್ದರು. 1990ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಸೇಜಿ ಒಗಾವಾ ಈ ಭೇದವು ಕಾಂತಾನುರಣನ ಚಿತ್ರದಲ್ಲಿ ಕಾಣುವುದೆಂಬುದನ್ನು ಪ್ರಾಣಿಗಳಲ್ಲಿ ದೃಢಪಡಿಸಿದರು. 1992ರಲ್ಲಿ ಮೂರು ತಂಡಗಳು ಅದನ್ನೇ ಮನುಷ್ಯರ ಮೆದುಳಿನಲ್ಲಿ ಕಂಡುವು. ನರಕೋಶಗಳು ದುಡಿಯತೊಡಗಿದ ಕಡೆಗೆ ಅಗತ್ಯಕ್ಕಿಂತ ಹೆಚ್ಚಾಗಿ ಹೊಸ ರಕ್ತವು ಹರಿಯುವುದರಿಂದ ಅಲ್ಲಿ ಕದಡುವ ಅಂಶವು ಕಡಮೆಯಾಗಿ ಸಂಕೇತವು ಏರುತ್ತದೆ. ಏರಿಕೆಯಾದರೂ ಎಷ್ಟು? ಶೇಕಡಾ ಒಂದೆರಡು ಮಾತ್ರ. ಉಸಿರಾಟ, ನಾಡಿಮಿಡಿತ, ಯಂತ್ರದ ಕಾವು, ತಲೆಯ ಕದಲಿಕೆ ಮುಂತಾದುವುಗಳಿಂದ ಆಗುವ ಏರಿಳಿತಗಳು ಅದಕ್ಕೆ ಸಮನಾಗಿಯೋ ಮಿಗಿಲಾಗಿಯೋ ಇರುವುದರಿಂದ, ಒಂದೇ ಕಾರ್ಯವನ್ನು ಉದ್ದಕ್ಕೆ ಹಿಡಿದು ಮರಳಿ ಮರಳಿ ಮಾಡಿಸುವ ಖಂಡವಿನ್ಯಾಸವು ಆರಂಭದ ದಿನಗಳಲ್ಲಿ ಅನಿವಾರ್ಯವಾಗಿತ್ತು. ಸಂಕೇತವನ್ನು ಪತ್ತೆಮಾಡುವ ಶಕ್ತಿಯಲ್ಲಿ ಈಗಲೂ ಅದನ್ನು ಮೀರಿಸುವ ವಿನ್ಯಾಸವು ವಿರಳ.

ರಕ್ತದ ಈ ಪ್ರತಿಕ್ರಿಯೆಯು ನರದ ವ್ಯಾಪಾರದೊಡನೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದಿಲ್ಲ. ಕೃಷ್ಣಾ ತೀರದ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು, ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ 1989ರಲ್ಲಿ ಶ್ರಮಬಿಂದು ಸಾಗರವೆಂಬ ಬ್ಯಾರೇಜನ್ನು ನಿಲ್ಲಿಸಿದ ಚಿಕ್ಕಪಡಸಲಗಿಯವರಿಗೆ ಇಂಥ ವಿಳಂಬವನ್ನು ವಿವರಿಸಿ ಹೇಳಬೇಕಾದುದಿಲ್ಲ: ಮೇಲೆ ಹಿಪ್ಪರಗಿಯ ಬ್ಯಾರೇಜಿನಲ್ಲಿ ಗೇಟು ಎತ್ತಿದ ಕ್ಷಣದಲ್ಲಿ ಕೆಳಗೆ ಚಿಕ್ಕಪಡಸಲಗಿಯ ಹೊಳೆ ಏರುವುದಿಲ್ಲ, ಏರಿದ ನೀರು ಗೇಟು ಇಳಿಸಿದೊಡನೆ ತಗ್ಗುವುದೂ ಇಲ್ಲ, ಒಂದರ ಹಿಂದೊಂದು ಬಿಟ್ಟ ನೀರು ಕೂಡಿಕೊಂಡು ಬಂದು ದಂಡೆಯಲ್ಲಿ ಒಂದೇ ಏರಿಕೆಯಾಗಿ ತೋರುತ್ತದೆ. ಮೆದುಳಿನಲ್ಲಿಯೂ ಕ್ಷಣಮಾತ್ರದ ಪ್ರಚೋದನೆಗೆ ಸಂಕೇತವು ಒಂದೆರಡು ಸೆಕೆಂಡು ತಡೆದು ಏರತೊಡಗಿ, ಐದಾರು ಸೆಕೆಂಡಿಗೆ ಶಿಖರವನ್ನು ಮುಟ್ಟಿ, ಬಳಿಕ ಮೂಲರೇಖೆಗಿಂತ ಕೆಳಗೆ ಕೊಂಚ ಕುಸಿದು, ಅರ್ಧ ನಿಮಿಷದೊಳಗಾಗಿ ಯಥಾಸ್ಥಿತಿಗೆ ಬರುತ್ತದೆ. ಈ ವಕ್ರರೇಖೆಯನ್ನು ಖಂಡಗಳ ಆಯತಾಕಾರದ ಅಲೆಯ ಮೇಲೆ ಕ್ಷಣಕ್ಷಣಕ್ಕೂ ಹಾಸಿ ಕೂಡಿಸಿದಾಗ ದೊರೆಯುವ ಮೃದುವಾದ ಅಲೆಯೇ ಮಾದರಿಯ ಪ್ರಧಾನ ಸ್ತಂಭ. ಹೀಗೆ ಕೂಡಿಸುವುದು ನ್ಯಾಯವೆಂಬುದಕ್ಕೆ ಆಧಾರವನ್ನು 1996ರಲ್ಲಿ ಬಾಯ್ಂಟನ್ ಮತ್ತು ಸಂಗಡಿಗರು ದೃಷ್ಟಿಯ ತೊಗಟೆಯಲ್ಲಿ ನಡೆಸಿದ ಪ್ರಯೋಗವು ಒದಗಿಸಿತು: ದೀರ್ಘ ಪ್ರಚೋದನೆಯ ಫಲವು ಹ್ರಸ್ವ ಪ್ರಚೋದನೆಗಳ ಫಲಗಳ ಮೊತ್ತಕ್ಕೆ ಬಹಳಮಟ್ಟಿಗೆ ಸರಿಹೋಗುತ್ತದೆ.

ಈ ಶಾಸ್ತ್ರವನ್ನು ಕಲಿಯುವವರೆಲ್ಲರೂ ಮೊದಲು ಕೈಯಾಡಿಸುವ ದತ್ತಾಂಶವೊಂದುಂಟು. ಲಂಡನ್ನಿನ ಫ್ರಿಸ್ಟನ್ ಮತ್ತು ಸಂಗಡಿಗರು ಎಸ್‌ಪಿಎಂ ತಂತ್ರಾಂಶದೊಡನೆ ಹಂಚಿದ, ಒಬ್ಬನೇ ವ್ಯಕ್ತಿಯ ಶ್ರವಣಪ್ರಯೋಗ ಅದು. ಏಳು ಸೆಕೆಂಡಿಗೊಂದರಂತೆ 96 ಬಾರಿ ಇಡೀ ಮೆದುಳಿನ ಚಿತ್ರವನ್ನು ತೆಗೆಯಲಾಯಿತು. ಆರು ಚಿತ್ರಗಳ ಕಾಲ, ಅಂದರೆ 42 ಸೆಕೆಂಡು, ವಿರಾಮ. ಮುಂದಿನ 42 ಸೆಕೆಂಡು ನಿಮಿಷಕ್ಕೆ 60ರಂತೆ ಎರಡು ಉಚ್ಚಾರಾಂಶಗಳ ಪದಗಳ ಶ್ರವಣ. ಕಾಂತೀಯ ಸ್ಥಿತಿಯು ನೆಲೆಗೊಳ್ಳುವ ತನಕದ ಚಿತ್ರಗಳು ನಂಬತಕ್ಕವಲ್ಲವಾದ್ದರಿಂದ ಮೊದಲ 12ನ್ನು ತೆಗೆದುಹಾಕಿದರೆ ಉಳಿಯುವುವು 84. ಏಳು ವಿರಾಮಗಳು, ಏಳು ಶ್ರವಣಗಳು. ಶ್ರವಣದ ಖಂಡಗಳು 6, 18, 30 ಎಂದು ಹನ್ನೆರಡರ ಅಂತರದಲ್ಲಿ 78ರ ವರೆಗೆ ಆರಂಭವಾಗುತ್ತವೆ. ಮೊದಲನೆಯ ಚಿತ್ರದ ಕಾಲವನ್ನು ಒಂದೆಂದು ಎಣಿಸದೆ ಸೊನ್ನೆಯೆಂದು ಎಣಿಸಬೇಕು. ಈ ಸಣ್ಣ ಸಂಗತಿಯನ್ನು ಮರೆತರೆ ಇಡೀ ಮಾದರಿಯು ಏಳು ಸೆಕೆಂಡು ಹಿಂದಕ್ಕೆ ಬೀಳುತ್ತದೆ, ತಂತ್ರಾಂಶವೋ ತುಟಿಪಿಟಕ್ಕೆನ್ನದೆ ಲೆಕ್ಕವನ್ನು ಮುಗಿಸಿಕೊಡುತ್ತದೆ.

ಮಾದರಿಯ ತತ್ತ್ವವು ಸರಳ. ಮೆದುಳನ್ನು ವೋಕ್ಸೆಲ್ ಎಂಬ ಮೂರು ಮಿಲಿಮೀಟರಿನಷ್ಟರ ಸಣ್ಣ ಘನಗಳಾಗಿ ವಿಭಾಗಿಸಿ, ಪ್ರತಿಯೊಂದು ಘನದ 84 ಸಂಖ್ಯೆಗಳ ಸರಣಿಯನ್ನು ಕೆಲವು ಗೊತ್ತಾದ ಸ್ತಂಭಗಳ ಭಾರಯುಕ್ತ ಮೊತ್ತವೆಂದೂ, ಅದರಲ್ಲಿ ಹೊಂದದೆ ಉಳಿದುದನ್ನು ಶೇಷವೆಂದೂ ಬರೆಯುತ್ತೇವೆ. ಒಂದೊಂದು ಸಾಲೂ ಒಂದೊಂದು ಚಿತ್ರಕ್ಕೆ, ಒಂದೊಂದು ಸ್ತಂಭವೂ ಒಂದೊಂದು ಕಾರಣಕ್ಕೆ ಸಲ್ಲುವ ಈ ಕೋಷ್ಟಕಕ್ಕೆ ವಿನ್ಯಾಸಮಾತೃಕೆಯೆಂದು ಹೆಸರು. ಭಾರಗಳನ್ನು ಕನಿಷ್ಠ ವರ್ಗಗಳ ವಿಧಾನದಿಂದ ನಿರ್ಣಯಿಸಿ, ನಮಗೆ ಬೇಕಾದ ಭಾರವನ್ನು ಅದರ ಅನಿಶ್ಚಿತತೆಯಿಂದ ಭಾಗಿಸಿದರೆ ಆ ಘನದ ಟಿ-ಮೌಲ್ಯವು ಸಿಗುತ್ತದೆ. ಫ್ರಿಸ್ಟನ್ ಮತ್ತು ಸಂಗಡಿಗರು 1995ರಲ್ಲಿ ಈ ಸಾಮಾನ್ಯ ರೇಖೀಯ ಮಾದರಿಯನ್ನು ಮೆದುಳಿನ ಚಿತ್ರಗಳಿಗೆ ವ್ಯವಸ್ಥಿತವಾಗಿ ಅನ್ವಯಿಸಿದ ಮೇಲೆ ಮಿಕ್ಕ ತಂತ್ರಾಂಶಗಳೂ, ಅಮೆರಿಕದ ಎಎಫ್‌ಎನ್‌ಐ ಹಾಗೂ ಆಕ್ಸ್‌ಫರ್ಡಿನ ಎಫ್‌ಎಸ್‌ಎಲ್ ಮೊದಲಾದವು, ವಿವರಗಳಲ್ಲಿ ಭಿನ್ನವಾದರೂ ಇದೇ ಹೆದ್ದಾರಿಯಲ್ಲಿ ನಡೆದಿವೆ.

ಇಲ್ಲಿಯೇ ವಿರಾಮದ ಪ್ರಶ್ನೆಯು ತಲೆಯೆತ್ತುತ್ತದೆ. ಶ್ರವಣಕ್ಕೆ ಒಂದು ಸ್ತಂಭವನ್ನು ಕೊಟ್ಟೆವು. ಸಂಕೇತದ ಸರಾಸರಿ ಮಟ್ಟಕ್ಕಾಗಿ ಒಂದರ ಮೇಲೊಂದು ಒಂದೇ ಸಂಖ್ಯೆಯುಳ್ಳ ಸ್ಥಿರಸ್ತಂಭವನ್ನು ಕೊಟ್ಟೆವು. ಹಾಗಾದರೆ ವಿರಾಮಕ್ಕೂ ಒಂದು ಸ್ತಂಭ ಬೇಡವೆ? ಹೊಸಬರಿಗೆ ಬೇಕೆಂದೇ ತೋರುತ್ತದೆ. ಆದರೆ ಶ್ರವಣದ ಸ್ತಂಭವನ್ನೂ ವಿರಾಮದ ಸ್ತಂಭವನ್ನೂ ಕೂಡಿಸಿದರೆ, ಆದಿಯ ಕೆಲವು ಸಾಲುಗಳನ್ನು ಬಿಟ್ಟು, ಸ್ಥಿರಸ್ತಂಭವೇ ಮರಳಿ ಬರುತ್ತದೆ. ಮೂರರಲ್ಲಿ ಒಂದು ಮಿಕ್ಕೆರಡರ ನೆರಳಾಗುತ್ತದೆ. ಆಗ ಶ್ರವಣದ ಭಾರವೆಷ್ಟು, ವಿರಾಮದ ಭಾರವೆಷ್ಟು ಎಂದು ಬೇರೆಬೇರೆಯಾಗಿ ಕೇಳಿದರೆ ಭರವಸೆಯಿಡತಕ್ಕ ಉತ್ತರವು ದೊರೆಯದು. ಅವೆರಡರ ಅಂತರವೆಷ್ಟೆಂದು ಕೇಳಿದರೆ ಮಾತ್ರ ದೊರೆಯುತ್ತದೆ. ಯಾವ ಪ್ರಶ್ನೆಗೆ ದತ್ತಾಂಶವು ಉತ್ತರ ಕೊಡಬಲ್ಲದು, ಯಾವುದಕ್ಕೆ ಕೊಡಲಾರದು ಎಂಬ ಈ ವಿವೇಕವನ್ನು ಸಂಖ್ಯಾಶಾಸ್ತ್ರದಲ್ಲಿ ಸ್ಪಷ್ಟಗೊಳಿಸಿದವರು ಭಾರತೀಯರೇ ಎಂಬುದನ್ನು ನಮ್ಮ ಪಠ್ಯಗಳು ಹೇಳುವುದು ಅಪರೂಪ. ಹೊಲಗಳನ್ನು ತುಂಡುತುಂಡಾಗಿ ವಿಭಾಗಿಸಿ ಗೊಬ್ಬರ ತಳಿಗಳನ್ನು ಪರೀಕ್ಷಿಸುವ ಕೃಷಿಪ್ರಯೋಗಗಳ ಗಣಿತದಲ್ಲಿ ತೊಡಗಿದ್ದ ಕಲ್ಕತ್ತೆಯ ರಾಜಚಂದ್ರ ಬೋಸರು 1944ರಲ್ಲಿ ಅಂದಾಜಿಗೆ ಒಳಪಡುವ ಮೊತ್ತಗಳ ಲಕ್ಷಣವನ್ನು ಹೇಳಿದರು. 1920ರ ಸೆಪ್ಟೆಂಬರ್ 10ರಂದು, ಆಗ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಹೂವಿನಹಡಗಲಿಯಲ್ಲಿ ಜನಿಸಿ, 1941ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದ ಸಿ. ಆರ್. ರಾವ್ ಅವರು, ಹೀಗೆ ಸ್ತಂಭಗಳು ಪರಸ್ಪರ ಅವಲಂಬಿಸಿ ಮಾತೃಕೆಯ ವಿಲೋಮವೇ ಇಲ್ಲವಾದಾಗಲೂ ಕನಿಷ್ಠ ವರ್ಗಗಳ ಲೆಕ್ಕವನ್ನು ಸುಸೂತ್ರವಾಗಿ ಸಾಗಿಸುವ ಸಾಮಾನ್ಯೀಕೃತ ವಿಲೋಮದ ಸಿದ್ಧಾಂತವನ್ನು 1962ರ ಲೇಖನದಲ್ಲೂ, ಸುಜಿತ್ ಕುಮಾರ್ ಮಿತ್ರ ಅವರೊಡನೆ 1971ರಲ್ಲಿ ಬರೆದ ಗ್ರಂಥದಲ್ಲೂ ಬೆಳೆಸಿದರು. ಇಂದು ಮೆದುಳಿನ ಚಿತ್ರಗಳ ತಂತ್ರಾಂಶವು ಇಂಥ ಮಾತೃಕೆಯನ್ನು ಎದುರಿಸಿಯೂ ನಿಲ್ಲದೆ ಮುನ್ನಡೆಯುವುದು ಈ ಕುಲದ ವಿಲೋಮಗಳ ಬಲದಿಂದಲೇ. ಮುನ್ನಡೆಯುತ್ತದೆಂಬ ಕಾರಣಕ್ಕೆ ಪ್ರಶ್ನೆಯು ಸರಿಯೆಂದು ಎಣಿಸಲಾಗದು. ಎಸ್‌ಪಿಎಂ ತಂತ್ರಾಂಶವು ಅಂದಾಜಿಗೆ ಒಳಪಡದ ಸ್ತಂಭಗಳ ಕೆಳಗೆ ಬೂದು ಗುರುತನ್ನಿಟ್ಟು ಎಚ್ಚರಿಸುತ್ತದೆ, ಎಚ್ಚರಿಕೆಯನ್ನು ಓದಬೇಕಾದವನು ಸಂಶೋಧಕ. ಖಂಡಗಳು ಎರಡೇ ಬಗೆಯವಾಗಿರುವಲ್ಲಿ ವಿರಾಮಕ್ಕೆ ಸ್ತಂಭವನ್ನು ಕೊಡದೆ ಸ್ಥಿರಸ್ತಂಭದಲ್ಲಿ ಅಡಗಿಸುವುದೇ ಲೇಸು.

ಗಣಿತದಲ್ಲಿ ವಿರಾಮವನ್ನು ಅಡಗಿಸಬಹುದು, ಅರ್ಥದಲ್ಲಿ ಅಡಗಿಸಲಾಗದು. ಮೇಲೆ ಹೇಳಿದ ಪ್ರಯೋಗದಲ್ಲಿ ಕಿವಿಗಳ ನೇರಕ್ಕೆ ಎರಡೂ ಕಡೆ ದೊಡ್ಡ ಮಚ್ಚೆಗಳು ಮೂಡುತ್ತವೆ. ಅದನ್ನು ಕಂಡು ಭಾಷೆಯ ಸ್ಥಾನ ಸಿಕ್ಕಿತೆನ್ನುವುದು ಅವಸರದ ಮಾತು. ಪದಗಳ ಶ್ರವಣದಿಂದ ನಿಶ್ಶಬ್ದವನ್ನು ಕಳೆದರೆ ಉಳಿಯುವುದರಲ್ಲಿ ಶಬ್ದವೂ ಇದೆ, ದನಿಯೂ ಇದೆ, ಗಮನವೂ ಇದೆ, ಅರ್ಥವೂ ಇದೆ. ಮೇಲಾಗಿ ಈ ಯಂತ್ರದೊಳಗೆ ನಿಶ್ಶಬ್ದವೆಂಬುದೇ ಇಲ್ಲ. ಚಿತ್ರ ತೆಗೆಯುವಾಗಿನ ಬಡಿತದ ಸದ್ದು ವಿರಾಮದಲ್ಲೂ ಶ್ರವಣದ ತೊಗಟೆಯನ್ನು ಕೆರಳಿಸುತ್ತಲೇ ಇರುತ್ತದೆ. ಇದಕ್ಕಾಗಿಯೇ 1999ರಲ್ಲಿ ಹಾಲ್ ಮತ್ತು ಸಂಗಡಿಗರು ಚಿತ್ರಗಳ ನಡುವೆ ಮೌನವನ್ನು ಬಿಟ್ಟು ಆ ಮೌನದಲ್ಲಿ ಮಾತನ್ನು ಕೇಳಿಸುವ ವಿರಳ ಗ್ರಹಣದ ಕ್ರಮವನ್ನು ಬಳಕೆಗೆ ತಂದರು. ಅದರಲ್ಲಿ ಚಿತ್ರಗಳ ಸಂಖ್ಯೆ ಕಡಮೆಯಾಗುವ ನಷ್ಟವುಂಟು. ಶ್ರವಣದ ಪ್ರಶ್ನೆಗಳಿಗೆ ಆ ನಷ್ಟವನ್ನು ತೆತ್ತರೂ ಸರಿಯೆ.

ಈ ಸಂಗತಿಯನ್ನು ಕನ್ನಡಕ್ಕೆ ತಂದು ನೋಡೋಣ. ಚಿಕ್ಕಪಡಸಲಗಿಯ ಕಬ್ಬಿನ ರೈತರೊಬ್ಬರು ಅಪಸ್ಮಾರದ ಶಸ್ತ್ರಚಿಕಿತ್ಸೆಗಾಗಿ ಬೆಂಗಳೂರಿಗೆ ಬಂದಿರುವರೆಂದೂ, ಕತ್ತರಿಯು ಮಾತಿನ ಸ್ಥಾನವನ್ನು ತಾಗದಂತೆ ಮೊದಲೇ ಅದರ ನಕ್ಷೆಯನ್ನು ಪಡೆಯಬೇಕಾಗಿದೆಯೆಂದೂ ಕಲ್ಪಿಸಿಕೊಳ್ಳಿ. ಎಫ್‌ಎಂಆರ್‌ಐ ನಿತ್ಯದ ಚಿಕಿತ್ಸೆಗೆ ನೆರವಾಗುವ ಮುಖ್ಯ ಸಂದರ್ಭ ಇಂಥದೇ. ಮೇಲಿನ ಪ್ರಯೋಗದ ಅಳತೆಯಲ್ಲಿ ಖಂಡಕ್ಕೆ 42ರಂತೆ ಏಳು ಖಂಡಗಳಿಗೆ 294 ಪದಗಳು ಬೇಕು. ಕಬ್ಬು, ಎತ್ತು, ಜೋಳ, ಬಾವಿ, ಹೊಳೆ, ರೊಟ್ಟಿ ಎಂದು ಎರಡಕ್ಷರದ ನಾಮಪದಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಕನ್ನಡವು ಕೆಲಸ ಮಾಡುವುದು ಪ್ರತ್ಯಯಗಳಲ್ಲಿ. ‘ಏನ್ ಮಾಡಾಕತ್ತೀರಿ’ ಎಂದು ಕೇಳುವ ಊರಿನವರಿಗೆ ‘ಏನು ಮಾಡುತ್ತಿದ್ದೀರಿ’ ಎಂಬ ಪುಸ್ತಕದ ರೂಪವು ಶಾಲೆಯಿಂದಲೂ ಧಾರವಾಡ ಆಕಾಶವಾಣಿಯಿಂದಲೂ ಪರಿಚಿತವಾಗಿರುತ್ತದೆಯಾದರೂ ಅದು ಅಡುಗೆಮನೆಯ ಮಾತಲ್ಲ. ಬೆಂಗಳೂರಿನಲ್ಲಿ ಧ್ವನಿಮುದ್ರಿಸಿದ ವಾಕ್ಯಗಳನ್ನೇ ಕೇಳಿಸಿದರೆ, ಮೂಡಿದ ಮಚ್ಚೆಗಳಲ್ಲಿ ಮಾತಿನ ಗ್ರಹಿಕೆಯ ಪಾಲೆಷ್ಟು, ಅನ್ಯರೂಪವನ್ನು ಬಿಡಿಸಿಕೊಳ್ಳುವ ಶ್ರಮದ ಪಾಲೆಷ್ಟು ಎಂಬುದನ್ನು ಯಾವ ಮಾತೃಕೆಯೂ ಬೇರ್ಪಡಿಸಲಾರದು. ಆದುದರಿಂದ ಜಮಖಂಡಿ ಸೀಮೆಯ ಮಾತಿನಲ್ಲೇ ಮುದ್ರಿಸಿದ ವಾಕ್ಯಗಳು ಒಂದು ಬಗೆಯ ಖಂಡವಾಗಬೇಕು, ಅವೇ ವಾಕ್ಯಗಳನ್ನು ಹಿಂದುಮುಂದಾಗಿ ನುಡಿಸಿದ ಧ್ವನಿ, ಅಂದರೆ ದನಿಯ ಬಹುಪಾಲು ಲಕ್ಷಣಗಳು ಉಳಿದು ಅರ್ಥವು ಅಳಿದ ಧ್ವನಿ, ಇನ್ನೊಂದು ಬಗೆಯದಾಗಬೇಕು, ನಡುನಡುವೆ ವಿರಾಮ. ಪ್ರಶ್ನೆಯನ್ನು ಆಗ ‘ಮೊದಲನೆಯದರಿಂದ ಎರಡನೆಯದನ್ನು ಕಳೆ’ ಎಂಬ ವ್ಯತಿರೇಕವಾಗಿ, ಧನ ಒಂದು, ಋಣ ಒಂದು ಎಂದು ಬರೆಯುತ್ತೇವೆ.

ಹೀಗೆ ವಿನ್ಯಾಸವನ್ನು ಹಿಗ್ಗಿಸಿದವನಿಗೆ ಮುಂದಿನ ಮನೆಯಲ್ಲಿ ಇನ್ನೊಂದು ಆತಂಕ ಕಾದಿರುತ್ತದೆ. ಯಂತ್ರದ ಸಂಕೇತವು ನಿಮಿಷಗಟ್ಟಲೆ ಅವಧಿಯಲ್ಲಿ ಮೆಲ್ಲಮೆಲ್ಲನೆ ತೇಲಿಹೋಗುವುದರಿಂದ, ನಿಧಾನದ ಅಲೆಗಳನ್ನು ಸೋಸಿ ತೆಗೆಯುವ ಕೊಸೈನ್ ಸ್ತಂಭಗಳನ್ನು ಮಾದರಿಯೊಳಗೆ ಸೇರಿಸುವುದು ರೂಢಿ. ಎಸ್‌ಪಿಎಂ ತಂತ್ರಾಂಶದಲ್ಲಿ ತಾನಾಗಿ ಇರುವ ಸೋಸಣಿಗೆಯ ಎಲ್ಲೆ 128 ಸೆಕೆಂಡು: ಅದಕ್ಕಿಂತ ದೀರ್ಘವಾದ ಆವರ್ತವುಳ್ಳದ್ದೆಲ್ಲವೂ ಹೊರಕ್ಕೆ. 84 ಚಿತ್ರಗಳ, 588 ಸೆಕೆಂಡಿನ ಸರಣಿಯಲ್ಲಿ ಈ ಎಲ್ಲೆಗೆ ಒಂಬತ್ತು ಕೊಸೈನ್ ಸ್ತಂಭಗಳು ಖರ್ಚಾಗುತ್ತವೆ. ಶ್ರವಣದ್ದೊಂದು, ಸ್ಥಿರದ್ದೊಂದು ಸೇರಿ ಹನ್ನೊಂದನ್ನು ಕಳೆದರೆ ಶೇಷಕ್ಕೆ ಉಳಿಯುವ ಸ್ವಾತಂತ್ರ್ಯಾಂಶಗಳು 73. ಆವರ್ತವು 84 ಸೆಕೆಂಡಾಗಿರುವ ತನಕ ಯಾವ ತೊಡಕೂ ಇಲ್ಲ. ಆದರೆ ವಿರಾಮ, ಮಾತು, ವಿರಾಮ, ತಿರುಗಿಸಿದ ಮಾತು ಎಂದು 42 ಸೆಕೆಂಡಿನ ನಾಲ್ಕು ಖಂಡಗಳ ಸರದಿಯನ್ನು ಹೂಡಿದೊಡನೆ, ನಮಗೆ ಬೇಕಾದ ವ್ಯತಿರೇಕದ ಆವರ್ತವು 168 ಸೆಕೆಂಡಾಗಿ ಸೋಸಣಿಗೆಯ ಎಲ್ಲೆಯಾಚೆ ಬೀಳುತ್ತದೆ. ತಂತ್ರಾಂಶವು ದತ್ತಾಂಶವನ್ನೂ ಮಾತೃಕೆಯನ್ನೂ ಒಂದೇ ರೀತಿ ಸೋಸುವುದರಿಂದ ಅಂದಾಜು ವಕ್ರವಾಗದು, ನಿಜ. ಆದರೆ ಸಂಕೇತದ ಸಿಂಹಪಾಲು ಕಸದೊಡನೆ ಹೊರಹೋಗಿ, ಇದ್ದ ಭೇದವೂ ಕಾಣದೆ ಹೋಗುತ್ತದೆ, ಮಚ್ಚೆ ಮೂಡಲಿಲ್ಲವಾದ್ದರಿಂದ ಅಲ್ಲಿ ಮಾತಿನ ಸ್ಥಾನವಿಲ್ಲವೆಂದು ವೈದ್ಯನು ತಿಳಿಯುವ ಅಪಾಯವು ಬರುತ್ತದೆ. ಎಲ್ಲೆಯನ್ನು ಮುನ್ನೂರಕ್ಕೂ ಮೇಲೆ ಏರಿಸುವುದು ಒಂದು ಪರಿಹಾರ. ಅದರೊಡನೆ ತೇಲಾಟವೂ ಒಳಗೆ ಬರುತ್ತದೆ. ಖಂಡಗಳನ್ನು 20 ಸೆಕೆಂಡಿಗೆ ಇಳಿಸಿ ಸರದಿಯನ್ನು 80 ಸೆಕೆಂಡಿಗೆ ತರುವುದು ಮೇಲು. ಸುಮಾರು 16ರಿಂದ 20 ಸೆಕೆಂಡಿನ ಖಂಡಗಳು ರಕ್ತದ ಪ್ರತಿಕ್ರಿಯೆಗೆ ಬೆಳೆಯಲು ಸಾಕಷ್ಟು ಉದ್ದವಾಗಿಯೂ, ನಿಧಾನದ ಗದ್ದಲದಿಂದ ತಪ್ಪಿಸಿಕೊಳ್ಳಲು ಸಾಕಷ್ಟು ಗಿಡ್ಡವಾಗಿಯೂ ಇರುವುದನ್ನು ಅನುಭವಿಗಳು ಬಲ್ಲರು.

ಶೇಷಗಳ ವಿಷಯವು ಶುಷ್ಕವೆನಿಸಿದರೂ ಬಿಡುವಂತಿಲ್ಲ. ಈ ಕ್ಷಣದ ಗದ್ದಲವು ಹಿಂದಿನ ಕ್ಷಣದ ಗದ್ದಲವನ್ನು ಹೋಲುವುದರಿಂದ, 84 ಚಿತ್ರಗಳಲ್ಲಿ 84 ಸ್ವತಂತ್ರ ಸಾಕ್ಷಿಗಳಿವೆಯೆಂದು ನಂಬಿದವನು ತನ್ನ ಫಲಿತಾಂಶವನ್ನು ಸಲ್ಲದಷ್ಟು ಖಚಿತವೆಂದು ಸಾರುತ್ತಾನೆ. ಹಿಂದಿನ ಒಂದೇ ಕ್ಷಣವನ್ನು ಗಣನೆಗೆ ತೆಗೆದುಕೊಳ್ಳುವ ಸರಳ ಪರಿಹಾರವು ಸಾಲದೆಂಬುದನ್ನು ಸ್ವೀಡನ್ನಿನ ಎಕ್ಲುಂಡ್ ಮತ್ತು ಸಂಗಡಿಗರು 2012ರಲ್ಲಿ 1484 ಮಂದಿಯ ವಿಶ್ರಾಂತಿಯ ದತ್ತಾಂಶದ ಮೇಲೆ ಕಾಲ್ಪನಿಕ ವಿನ್ಯಾಸಗಳನ್ನು ಹೊದಿಸಿ ತೋರಿಸಿದರು: ಏನೂ ಮಾಡದೆ ಮಲಗಿದ್ದವರ ಮೆದುಳಿನಲ್ಲಿ ಮಚ್ಚೆಗಳು ಮೂಡಿದುವು; ದೀರ್ಘ ಆವರ್ತದ ಖಂಡವಿನ್ಯಾಸಗಳಲ್ಲಿ ಈ ಹುಸಿಯ ಹಾವಳಿ ಅತಿಶಯವಾಗಿತ್ತು. ಖಂಡಗಳನ್ನು ಗಿಡ್ಡಮಾಡಬೇಕೆಂಬುದಕ್ಕೆ ಇದು ಎರಡನೆಯ ಕಾರಣ.

ತಲೆಯ ಕದಲಿಕೆಯನ್ನು ಆರು ಸ್ತಂಭಗಳಾಗಿ, ಮೂರು ಸರಿದಾಟಕ್ಕೆ, ಮೂರು ತಿರುಗಾಟಕ್ಕೆ, ಮಾತೃಕೆಗೆ ಸೇರಿಸುವುದು ವಾಡಿಕೆಯಾಗಿದೆ. ರೋಗಿಯು ತುಟಿಯನ್ನಲುಗಿಸಿ ಉತ್ತರ ಹೇಳುವ ಪ್ರಯೋಗದಲ್ಲಿ ಕದಲಿಕೆಯೂ ಕಾರ್ಯವೂ ಒಂದೇ ತಾಳಕ್ಕೆ ಬೀಳುವುದರಿಂದ, ಸ್ತಂಭಗಳನ್ನು ಸೇರಿಸಿದರೆ ಅಸಲು ಸಂಕೇತವೂ ಅವುಗಳ ಪಾಲಾಗುತ್ತದೆ, ಸೇರಿಸದಿದ್ದರೆ ಮೆದುಳಿನ ಅಂಚಿನುದ್ದಕ್ಕೂ ಸುಳ್ಳು ಮಚ್ಚೆಗಳು ಏಳುತ್ತವೆ. ಇದಕ್ಕೆ ಲೆಕ್ಕದಲ್ಲಿ ಮದ್ದಿಲ್ಲ. ಮನಸ್ಸಿನಲ್ಲೇ ಉತ್ತರಿಸುವಂತೆ ಕಾರ್ಯವನ್ನು ಬದಲಿಸಬೇಕು.

ಇನ್ನು ಘನಗಳ ಸಂಖ್ಯೆಯಿಂದ ಬರುವ ವಿಪತ್ತು. 50,000 ಘನಗಳಲ್ಲಿ ಒಂದೊಂದಕ್ಕೂ ಶೇಕಡಾ ಐದರ ಎಲ್ಲೆಯಲ್ಲಿ ಪರೀಕ್ಷೆ ನಡೆಸಿದರೆ, ಯಾವ ವ್ಯಾಪಾರವೂ ಇಲ್ಲದಿದ್ದಾಗಲೂ 2,500 ಘನಗಳು ಬರಿಯ ಆಕಸ್ಮಿಕದಿಂದ ಬೆಳಗುತ್ತವೆ. ಇದರ ಪ್ರಹಸನವನ್ನು 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಆಡಿ ತೋರಿಸಿದರು. ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದೊಳಗೆ ಮಲಗಿಸಿ, ಮನುಷ್ಯರ ಚಿತ್ರಗಳನ್ನು 10 ಸೆಕೆಂಡಿನ ಖಂಡಗಳಲ್ಲಿ 12 ಸೆಕೆಂಡಿನ ವಿರಾಮದೊಡನೆ ಅದಕ್ಕೆ ಪ್ರದರ್ಶಿಸಿ, ಚಿತ್ರದಲ್ಲಿರುವವರ ಭಾವವೇನೆಂದು ಪ್ರಶ್ನಿಸಲಾಯಿತು. ಸಾವಿರಕ್ಕೊಂದರ ಎಲ್ಲೆಯಲ್ಲಿ 8,064 ಘನಗಳ ಪೈಕಿ 16 ಬೆಳಗಿದುವು. ಬಹುಪರೀಕ್ಷೆಯ ತಿದ್ದುಪಡಿಯನ್ನು ಮಾಡಿದೊಡನೆ ಒಂದೂ ಉಳಿಯಲಿಲ್ಲ. 2012ರಲ್ಲಿ ಈ ಕಾರ್ಯಕ್ಕೆ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿ ಸಂದಿತು. ತಿದ್ದುಪಡಿಗೆ ಕೀತ್ ವರ್ಸ್ಲಿ ಅವರು ಕಟ್ಟಿಕೊಟ್ಟ ಯಾದೃಚ್ಛಿಕ ಕ್ಷೇತ್ರಗಳ ಸಿದ್ಧಾಂತವು ಬಹುಕಾಲ ಆಧಾರವಾಗಿದ್ದಿತು. ಎಕ್ಲುಂಡರ ತಂಡವು 2016ರಲ್ಲಿ 499 ಮಂದಿಯ ವಿಶ್ರಾಂತಿಯ ದತ್ತಾಂಶವನ್ನು ಜಾಲಾಡಿ, ಗುಂಪಾಗಿ ಬೆಳಗಿದ ಘನಗಳನ್ನು ಸಡಿಲವಾದ ಎಲ್ಲೆಯಲ್ಲಿ ಎಣಿಸುವಾಗ ಆ ಆಧಾರವೂ ಕುಸಿಯುವುದನ್ನು ಎತ್ತಿ ತೋರಿಸಿದ ಮೇಲೆ, ದತ್ತಾಂಶವನ್ನೇ ಅದಲುಬದಲು ಮಾಡಿ ಪರೀಕ್ಷಿಸುವ ಕ್ರಮಕ್ಕೆ ಬೆಲೆ ಹೆಚ್ಚಿತು.

ಒಬ್ಬ ರೋಗಿಯ ನಕ್ಷೆಯು ಆ ರೋಗಿಗಷ್ಟೇ ಸಲ್ಲತಕ್ಕದ್ದು. ಉತ್ತರ ಕರ್ನಾಟಕದ ಮಾತನ್ನಾಡುವವರ ಮೆದುಳು ಹೀಗೆಂದು ಹೇಳಬೇಕಾದವರು, 1998ರಲ್ಲಿ ಹೋಮ್ಸ್ ಮತ್ತು ಫ್ರಿಸ್ಟನ್ ಸೂಚಿಸಿದಂತೆ, ಪ್ರತಿಯೊಬ್ಬರ ವ್ಯತಿರೇಕವನ್ನು ಒಂದೊಂದು ಸಂಖ್ಯೆಯಾಗಿಸಿ, ವ್ಯಕ್ತಿವ್ಯಕ್ತಿಗಳ ನಡುವಣ ವ್ಯತ್ಯಾಸವನ್ನೇ ಅಳತೆಗೋಲಾಗಿ ಹಿಡಿದು ಎರಡನೆಯ ಹಂತದ ಮಾದರಿಯನ್ನು ಕಟ್ಟಬೇಕು. ಒಬ್ಬನ ತಲೆಯಲ್ಲಿ ಸಾವಿರ ಚಿತ್ರ ತೆಗೆಯುವುದಕ್ಕಿಂತ ಹೆಚ್ಚು ತಲೆಗಳನ್ನು ಕೂಡಿಸುವುದು ಅಲ್ಲಿ ಫಲಕಾರಿ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 108 ಮಂದಿಯ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು ಒಂಬತ್ತು ಪ್ರಾಕಲ್ಪನೆಗಳನ್ನು ಪರೀಕ್ಷಿಸಲು ಹೇಳಿದಾಗ, ಯಾವ ಎರಡು ತಂಡಗಳೂ ಒಂದೇ ದಾರಿಯನ್ನು ಹಿಡಿಯಲಿಲ್ಲ. ತೀರ್ಮಾನಗಳೂ ಹಲವು ಕಡೆ ಭಿನ್ನವಾದುವು. ಅದು ಖಂಡವಿನ್ಯಾಸದ ಪ್ರಯೋಗವಲ್ಲವಾದರೂ, ಖಂಡವಿನ್ಯಾಸದವರು ತಮ್ಮ ಮಾತೃಕೆಯ ಸ್ತಂಭಗಳನ್ನು, ಸೋಸಣಿಗೆಯ ಎಲ್ಲೆಯನ್ನು, ವ್ಯತಿರೇಕದ ಭಾರಗಳನ್ನು, ವಿರಾಮದಲ್ಲಿ ರೋಗಿಗೆ ಏನು ಹೇಳಿ ಮಲಗಿಸಲಾಗಿತ್ತೆಂಬುದನ್ನು ಮೊದಲ ಚಿತ್ರ ತೆಗೆಯುವ ಮುನ್ನವೇ ಬರೆದಿಡದೆ ಹೋದರೆ ಅದೇ ಗತಿಯಾಗುತ್ತದೆ. ಇವುಗಳಲ್ಲಿ ಕೊನೆಯದನ್ನು ವರದಿಗಳು ಅತಿ ಹೆಚ್ಚಾಗಿ ಬಿಟ್ಟುಬಿಡುತ್ತವೆ. ಕಣ್ಣು ಮುಚ್ಚಿರೆಂದು ಹೇಳಿದ್ದರೊ, ಚುಕ್ಕೆಯೊಂದನ್ನು ನೋಡುತ್ತಿರೆಂದು ಹೇಳಿದ್ದರೊ, ಸುಮ್ಮನಿರಿ ಎಂದಷ್ಟೇ ಹೇಳಿದ್ದರೊ? ಸುಮ್ಮನಿರಿ ಎಂದರೆ ಆ ರೈತರು ಕಾರ್ಖಾನೆಯ ಬಾಕಿಯನ್ನೋ ಮಗಳ ಮದುವೆಯನ್ನೋ ಮನಸ್ಸಿನಲ್ಲೇ ಮಾತಾಗಿಸಿ ಲೆಕ್ಕಹಾಕುತ್ತಿದ್ದಾರು. ಶ್ರವಣವನ್ನು ವಿರಾಮದೊಡನೆ ಹೋಲಿಸುವಲ್ಲಿ, ಹಾಗೆ ವಿರಾಮದಲ್ಲಿ ನಡೆದ ಮಾತೆಲ್ಲವೂ ಶ್ರವಣದ ಖಂಡದ ಮಾತಿನಿಂದ ಕಳೆದುಹೋಗಿ, ಮಾತಿನ ಮಚ್ಚೆಯು ಇರಬೇಕಾದುದಕ್ಕಿಂತ ಕಿರಿದಾಗಿ ಶಸ್ತ್ರವೈದ್ಯರ ಮೇಜನ್ನು ಸೇರುತ್ತದೆ.